ನಿಮ್ಮ ಸಿಂಥ್‌ನ ಫಿಲ್ಟರ್ ಜಾರುವ ಬದಲು ಮೆಟ್ಟಿಲು ಹತ್ತುತ್ತಿದೆ, ಸರಿ ಮಾಡಿಕೊಡಿ

ಸಪೋರ್ಟ್ ತಂಡದವರಿಗೆ ನಮಸ್ಕಾರ,

ನಿಮ್ಮ ಸಾಫ್ಟ್‌ವೇರ್ ಸಿಂಥ್ (ಕಂಪ್ಯೂಟರ್‌ನಲ್ಲೇ ಸದ್ದು ಹುಟ್ಟಿಸುವ ವಾದ್ಯ) ತಗೊಂಡು ಮೂರು ವರ್ಷ ಆಯಿತು. ಸದ್ದನ್ನು ಸೋಸಿ ಅದರ ಬಣ್ಣ ಬದಲಿಸುವ ಅದರ ಫಿಲ್ಟರ್ ಇಷ್ಟವಾಗಿಯೇ ತಗೊಂಡಿದ್ದು. ಕಳೆದ ತಿಂಗಳು ಅಪ್‌ಡೇಟ್ ಹಾಕಿಕೊಂಡ ಮೇಲೆ ಅದೇ ಫಿಲ್ಟರ್ ಕೆಟ್ಟಿದೆ. ಎರಡು ಸಲ ಬರೆದೆ, ಎರಡೂ ಸಲ "ಕಂಪ್ಯೂಟರ್ ನಿಧಾನ ಇರಬಹುದು, ಬಫರ್ ಜಾಸ್ತಿ ಮಾಡಿ ನೋಡಿ" ಅಂತ ಒಂದೇ ಉತ್ತರ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕುವ ಸದ್ದಿನ ಕಂತು, ಜಾಸ್ತಿ ಮಾಡಿದಷ್ಟೂ ತೊಂದರೆ ಜಾಸ್ತಿಯಾಗುತ್ತಿದೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎಲ್‌ಎಫ್‌ಒದಿಂದ, ಅಂದರೆ ನಿಧಾನವಾಗಿ ಏರಿಳಿಯುವ ಅಲೆಯಿಂದ, ಕಟ್ಆಫ್ (ಫಿಲ್ಟರ್ ಸೋಸಲು ಶುರುಮಾಡುವ ಎತ್ತರ) ಅಲ್ಲಾಡಿಸಿದರೆ ಸ್ವರದ ಹಿಂದೆ ಕಿರಕಿರ ಅನ್ನುವ ಸದ್ದು ಬರುತ್ತಿದೆ. ಮೊದಲು ನನ್ನ ಸ್ಪೀಕರ್ ಮೇಲೇ ಅನುಮಾನ ಬಂತು. ಹೆಡ್‌ಫೋನ್ ಬದಲಾಯಿಸಿದೆ, ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದೆ, ಅಲ್ಲೂ ಅದೇ ಕಥೆ. ಕೊನೆಗೆ ಸದ್ದು ಹುಟ್ಟಿಸುವ ಆಸಿಲೇಟರ್‌ಗಳನ್ನೆಲ್ಲ ಆಫ್ ಮಾಡಿ, ರೆಸೊನೆನ್ಸ್ (ಕಟ್ಆಫ್ ಹತ್ತಿರದ ಸದ್ದನ್ನು ಎತ್ತಿಹಿಡಿಯುವ ಗುಂಡಿ) ಪೂರ್ತಿ ಏರಿಸಿ, ಫಿಲ್ಟರ್ ತಾನೇ ಶಿಳ್ಳೆ ಹಾಕುವ ಹಾಗೆ ಮಾಡಿದೆ. ಎಲ್‌ಎಫ್‌ಒ ತ್ರಿಕೋನ ಆಕಾರದ್ದು, ವೇಗ 1 ಹರ್ಟ್ಸ್, ಏರಿಳಿತ ಎರಡು ಆಕ್ಟೇವ್ (ಸಪ್ತಕ). ಸೈರನ್ ಥರ ನುಣ್ಣಗೆ ಏರಿ ಇಳಿಯಬೇಕು, ಅಲ್ವಾ? ಬಫರ್ 1024 ಇಟ್ಟಾಗ ಕೇಳಿಸಿದ್ದು ಹಾರ್ಮೋನಿಯಂ ಮನೆಗಳನ್ನು ಬೇಗ ಬೇಗ ಒಂದೊಂದಾಗಿ ಒತ್ತಿಕೊಂಡು ಹೋದ ಹಾಗೆ.

ಲೆಕ್ಕ ಹಾಕಿದರೆ ಕಾರಣ ತಾನೇ ಸಿಗುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಬಿಡಿ ಅಳತೆ), ಬಫರ್‌ನ ಒಂದು ಕಂತಿಗೆ 1024. ಅಂದರೆ ಒಂದು ಕಂತು ಸುಮಾರು 23 ಮಿಲಿಸೆಕೆಂಡ್, ಸೆಕೆಂಡಿಗೆ 43 ಕಂತು. ನೀವು ಕಂತಿಗೆ ಒಂದೇ ಸಲ ಕಟ್ಆಫ್ ಬದಲಾಯಿಸುತ್ತಿದ್ದೀರಿ. ಅರ್ಧ ಸೆಕೆಂಡಿನಲ್ಲಿ ಎರಡು ಆಕ್ಟೇವ್, ಅಂದರೆ 24 ಸೆಮಿಟೋನ್ (ಹಾರ್ಮೋನಿಯಂನ ಅಕ್ಕಪಕ್ಕದ ಮನೆಗಳ ಅಂತರ), ಏರಬೇಕಾದಾಗ ಇಪ್ಪತ್ತೊಂದು ಇಪ್ಪತ್ತೆರಡೇ ಮೆಟ್ಟಿಲು ಸಿಗುತ್ತವೆ, ಹಾಗಾಗಿ ಒಂದೊಂದು ಮೆಟ್ಟಿಲೂ ಒಂದು ಸೆಮಿಟೋನ್‌ಗಿಂತ ತುಸು ದೊಡ್ಡದು! ಎಲ್‌ಎಫ್‌ಒ ವೇಗ 8 ಹರ್ಟ್ಸ್‌ಗೆ ಏರಿಸಿದರೆ ಇಡೀ ಸುತ್ತಿಗೆ ಐದಾರು ಮೆಟ್ಟಿಲು, ಅಲ್ಲಿಗೆ ತ್ರಿಕೋನ ತ್ರಿಕೋನವಾಗಿಯೇ ಉಳಿಯುವುದಿಲ್ಲ. ಬಫರ್ 64ಕ್ಕೆ ಇಳಿಸಿದರೆ ಸೆಕೆಂಡಿಗೆ 689 ಸಲ ಬದಲಾಗುತ್ತದೆ, ಮೆಟ್ಟಿಲು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಕಂಪ್ಯೂಟರ್ ನಿಧಾನವಾಗಿದ್ದರೆ 64ರಲ್ಲಿ ಒದ್ದಾಡಬೇಕಿತ್ತು.

ನನಗೆ ನಿಜವಾಗಿ ಹೊಟ್ಟೆ ಉರಿದಿದ್ದು ಎಕ್ಸ್‌ಪೋರ್ಟ್ ವಿಷಯದಲ್ಲಿ. ನುಡಿಸುವಾಗ ನಾನು 64ರಲ್ಲೇ ಇರುತ್ತೇನೆ, ಕೇಳಲು ಚೆನ್ನಾಗಿರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ನನ್ನ ರೆಕಾರ್ಡಿಂಗ್ ಪ್ರೋಗ್ರಾಂ ದೊಡ್ಡ ಕಂತು ಕಳಿಸುತ್ತದೆ, ಹಾಗಾಗಿ ಫೈಲಿನಲ್ಲಿ ಬೇರೆಯದೇ ಸದ್ದು ಕೂರುತ್ತದೆ. ಇದು ಗೊತ್ತಾಗದೆ ಒಂದು ಟ್ರ್ಯಾಕ್ ಹಾಗೇ ಕಳಿಸಿಬಿಟ್ಟೆ. ಪ್ಯಾಡ್‌ನಲ್ಲಿ (ಹಿನ್ನೆಲೆಯ ಉದ್ದನೆಯ ಸ್ವರಗಳಲ್ಲಿ) ಏನೋ ಹರಿದ ಹಾಗಿದೆ ಅಂತ ಕೇಳಿದವರೇ ಹೇಳಬೇಕಾಯಿತು. ತುಂಬಾ ಬೇಜಾರಾಯಿತು. ನಾನು ಕಿವಿಯಿಂದ ಕೇಳಿ ಒಪ್ಪಿಕೊಂಡ ಸದ್ದು ಒಂದು, ಫೈಲಿನಲ್ಲಿ ಹೋದದ್ದು ಇನ್ನೊಂದು ಅಂದರೆ ಈ ವಾದ್ಯವನ್ನು ಹೇಗೆ ನಂಬಲಿ?

ಇದು ಮೂಗ್ ಲ್ಯಾಡರ್ ಫಿಲ್ಟರ್ ಥರದ್ದು ಅಂತ ನಿಮ್ಮ ಮ್ಯಾನ್ಯುಯಲ್‌ನಲ್ಲೇ ಬರೆದಿದ್ದೀರಿ. ಸಿಂಥ್ ತಯಾರಕ ರಾಬರ್ಟ್ ಮೂಗ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕ ಆ ಫಿಲ್ಟರ್‌ನಲ್ಲಿ ಕಟ್ಆಫ್ ಓಡುವುದು ವೋಲ್ಟೇಜ್‌ನಿಂದ. ವೋಲ್ಟೇಜ್‌ಗೆ ಕಂತು ಅನ್ನೋದೇ ಇಲ್ಲ. ನಾಲ್ಕು ಹಂತ, ಕಟ್ಆಫ್‌ನಿಂದಾಚೆ ಆಕ್ಟೇವ್‌ಗೆ 24 ಡೆಸಿಬಲ್ ಇಳಿತ, ಇದನ್ನೆಲ್ಲ ನೀವು ಶ್ರದ್ಧೆಯಿಂದ ತಂದಿದ್ದೀರಿ, ಆದರೆ ಆ ಜಾರುವ ಗುಣವನ್ನೇ ಕೈಬಿಟ್ಟರೆ ಉಳಿದದ್ದು ಇದ್ದೂ ಏನು ಪ್ರಯೋಜನ?

ಪ್ರತಿ ಸ್ಯಾಂಪಲ್‌ಗೂ ಫಿಲ್ಟರ್ ಲೆಕ್ಕ ಹೊಸದಾಗಿ ಮಾಡಿದರೆ ಪ್ರೊಸೆಸರ್‌ಗೆ ಭಾರ, ಅದು ನನಗೂ ಗೊತ್ತು. ಹದಿನಾರು ಸ್ಯಾಂಪಲ್‌ಗೊಮ್ಮೆ ಮಾಡಿ, ನಡುವೆ ನುಣ್ಣಗೆ ಜಾರಿಸಿ, ಸಾಕು. ಹಳೆಯ ಆವೃತ್ತಿಯಲ್ಲಿ ಬಫರ್ ಎಷ್ಟಿದ್ದರೂ ಸದ್ದು ಒಂದೇ ಇತ್ತು, ಅಂದರೆ ನಿಮ್ಮ ಕೈಯಲ್ಲಿ ಆಗದ ಕೆಲಸವೇನಲ್ಲ.

64 ಮತ್ತು 1024ರಲ್ಲಿ ನುಡಿಸಿ ರೆಕಾರ್ಡ್ ಮಾಡಿದ ಎರಡು ಫೈಲ್, ಜೊತೆಗೆ ಪ್ರೀಸೆಟ್ ಲಗತ್ತಿಸಿದ್ದೇನೆ. ಫಿಲ್ಟರ್ ಬರೆದವರ ಕೈಗೇ ಇದನ್ನು ಕೊಡಿ. ಸರಿಯಾಗುವವರೆಗೆ ಹಳೆಯ ಆವೃತ್ತಿಯ ಇನ್‌ಸ್ಟಾಲರ್ ಕಳಿಸಿ, ನೀವು ಅದನ್ನು ಸೈಟ್‌ನಿಂದ ತೆಗೆದುಹಾಕಿದ್ದೀರಿ. ಎರಡೂ ಆಗದಿದ್ದರೆ ನನ್ನ ದುಡ್ಡು ವಾಪಸ್ ಕೊಡಿ. ಮತ್ತೆ ಬಫರ್ ಜಾಸ್ತಿ ಮಾಡಿ ಅಂತ ಮಾತ್ರ ಬರೆಯಬೇಡಿ.

ಇಂತಿ,
ನಿಮ್ಮ ಹಳೆಯ ಗ್ರಾಹಕ