ಕೊಯ್ಲಿನ ಹೊತ್ತು, ತಲುಪಿಸುವ ದಿನ ಮತ್ತು ಬುಟ್ಟಿಯ ತರಕಾರಿಯಲ್ಲಿ ಮಾಡುತ್ತಿರುವ ಬದಲಾವಣೆ ಕುರಿತು

ಮಾನ್ಯ ಗ್ರಾಹಕರೇ,

ನಮ್ಮ ತರಕಾರಿ ಬೆಳೆಗಾರರ ಸಹಕಾರ ಸಂಘದಿಂದ ವಾರಕ್ಕೊಮ್ಮೆ ತಮ್ಮ ಮನೆಗೆ ಬರುವ ಬುಟ್ಟಿಯ ವ್ಯವಸ್ಥೆಯನ್ನು ಮುಂದಿನ ವಾರದಿಂದ ಬದಲಿಸುತ್ತಿದ್ದೇವೆ. ಸಂಜೆ ಬರುತ್ತಿದ್ದ ತರಕಾರಿ ಇನ್ನು ಬೆಳಿಗ್ಗೆಯೇ ಬರುತ್ತದೆ. ಗುಡುಗು ಸಿಡಿಲಿನ ಮುನ್ಸೂಚನೆಯಿರುವ ದಿನ ಕೊಯ್ಲನ್ನು ಮುಂದಕ್ಕೆ ಹಾಕುತ್ತೇವೆ, ಆದ್ದರಿಂದ ಬುಟ್ಟಿ ಒಂದೆರಡು ದಿನ ತಡವಾಗಬಹುದು. ಬುಟ್ಟಿಯಲ್ಲಿ ಯಾವ ತರಕಾರಿ ಇರುತ್ತದೆಂದು ವಾರದ ಮೊದಲೇ ಪಟ್ಟಿ ಕಳುಹಿಸುತ್ತಿದ್ದ ಪದ್ಧತಿಯನ್ನು ಸದ್ಯಕ್ಕೆ ನಿಲ್ಲಿಸಿ, ಕೊಯ್ಲಿನ ದಿನ ಹೊಲದಲ್ಲಿ ಯೋಗ್ಯವಾಗಿರುವುದನ್ನು ನೋಡಿ ಬುಟ್ಟಿ ತುಂಬುತ್ತೇವೆ. ಈ ಸಲದ ಬೇಸಿಗೆಯ ತೀವ್ರ ಬಿಸಿಲು, ದೀರ್ಘ ಒಣಹವೆ ಮತ್ತು ನಡುನಡುವೆ ಇದ್ದಕ್ಕಿದ್ದಂತೆ ಎರಗುವ ಮಳೆಗಾಳಿಗಳು ಇದಕ್ಕೆ ಕಾರಣ. ತಿಂಗಳುಗಟ್ಟಲೆ ನಮ್ಮನ್ನು ನಂಬಿ ಮುಂಗಡ ಕೊಟ್ಟಿರುವ ತಮಗೆ ಬರೀ ಸೂಚನೆ ಕೊಟ್ಟು ಸುಮ್ಮನಾಗುವುದು ಸರಿಯಲ್ಲವಾದ್ದರಿಂದ ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಕೊಯ್ಲಿನ ಹೊತ್ತಿನ ವಿಷಯ. ಹಗಲಿನಲ್ಲಿ ಗಿಡವು ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತದೆ. ಬಿಸಿಗಾಳಿ ಬೀಸುವ ಮಧ್ಯಾಹ್ನ ಬೇರು ಎಳೆದುಕೊಳ್ಳುವುದಕ್ಕಿಂತ ಎಲೆ ಕಳೆದುಕೊಳ್ಳುವುದೇ ಹೆಚ್ಚಾಗಿ, ಪಾತಿಯಲ್ಲಿ ತೇವವಿದ್ದರೂ ಗಿಡ ಸೊರಗಿ ನಿಲ್ಲುತ್ತದೆ. ರಾತ್ರಿ ಈ ಕೊರತೆ ತುಂಬಿಕೊಳ್ಳುತ್ತದೆ, ಹಾಗಾಗಿ ಸೂರ್ಯೋದಯಕ್ಕೆ ಮುಂಚಿನ ಹೊತ್ತಿನಲ್ಲಿ ಸೊಪ್ಪಿಗೂ ಕಾಯಿಗೂ ಅತ್ಯಂತ ಹೆಚ್ಚು ನೀರಿರುತ್ತದೆ. ಇದರ ಜೊತೆಗೆ, ಗಿಡದಿಂದ ಬಿಡಿಸಿದ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ, ತನ್ನಲ್ಲಿರುವ ಸಕ್ಕರೆಯನ್ನು ತಾನೇ ಕರಗಿಸಿಕೊಳ್ಳುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಮಧ್ಯಾಹ್ನದ ಬಿಸಿಯಲ್ಲಿ ಕೊಯ್ದು ಸಂಜೆ ತಂದುಕೊಟ್ಟ ಸೊಪ್ಪು ಮರುದಿನವೇ ಹಳದಿಯಾಗುವುದು ಇದರಿಂದಲೇ. ಆದ್ದರಿಂದ ಇನ್ನು ಮುಂದೆ ನಸುಕಿನಲ್ಲೇ ಕೊಯ್ದು, ಒದ್ದೆ ಗೋಣಿತಾಟಿನ ಅಡಿಯಲ್ಲಿ ತಂಪು ಮಾಡಿ, ಬಿಸಿಲೇರುವ ಮೊದಲೇ ತಲುಪಿಸುವುದೆಂದು ನಿರ್ಧರಿಸಿದ್ದೇವೆ. ಹವೆ ಒಣಗಿರುವಾಗ ಒದ್ದೆ ಗೋಣಿಯ ನೀರು ಬೇಗ ಆರಿ ಒಳಗಿನ ಬಿಸಿಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಮಳೆ ಬಿದ್ದ ಮರುದಿನದ ತೇವ ಹವೆಯಲ್ಲಿ ಈ ಉಪಾಯ ಅಷ್ಟಾಗಿ ಫಲ ಕೊಡುವುದಿಲ್ಲವಾದ್ದರಿಂದ, ಅಂಥ ದಿನ ಬಂದ ಸೊಪ್ಪನ್ನು ತಾವು ಮೊದಲು ಬಳಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಾರಣ ಹೊಲದಲ್ಲಿ ದುಡಿಯುವವರದು. ಮೈಯ ಬಿಸಿ ಇಳಿಯುವುದು ಮುಖ್ಯವಾಗಿ ಬೆವರು ಆರುವುದರಿಂದ. ಬಗ್ಗಿ ಕೊಯ್ಯುವ, ಹೊರುವ ಕೆಲಸದಲ್ಲಿ ದೇಹವೇ ಬಿಸಿಯನ್ನು ಹುಟ್ಟಿಸುತ್ತಿರುವಾಗ, ಕುಡಿದ ನೀರು ಸಾಲದೆ ಹೋದರೆ ಅಥವಾ ಮಳೆಗೆ ಮುಂಚಿನ ಸೆಕೆಯಲ್ಲಿ ಬೆವರು ಆರದೇ ಉಳಿದರೆ, ತಲೆಸುತ್ತಿನಿಂದ ಶುರುವಾದದ್ದು ಪ್ರಾಣಾಪಾಯಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ತೆರೆದ ಹೊಲದಲ್ಲಿ ಯಾರೂ ಕೆಲಸ ಮಾಡಬಾರದೆಂದು ಸಂಘ ತೀರ್ಮಾನಿಸಿದೆ. ಯಾವ ಬುಟ್ಟಿ ಎಷ್ಟೇ ತಡವಾದರೂ ಇದನ್ನು ಸಡಿಲಿಸುವುದಿಲ್ಲ.

ಸಿಡಿಲಿನ ದಿನ ಕೊಯ್ಲು ನಿಲ್ಲಿಸುವುದೂ ಇದೇ ಕಾಳಜಿಯಿಂದ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಎತ್ತರದ ಮೋಡವಾಗಿ ಬೆಳೆಯುತ್ತದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಹೆಚ್ಚಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುವುದರಿಂದ, ಬಿಸಿ ಬೇಸಿಗೆಯ ಮೋಡ ಸುರಿಯತೊಡಗಿದಾಗ ಸ್ವಲ್ಪ ಹೊತ್ತಿನಲ್ಲಿ ಬಹಳ ಸುರಿಯುತ್ತದೆ. ಕೆಳಗಿನ ಗಾಳಿ ಒಣಗಿದ್ದರೆ ಬೀಳುತ್ತಿರುವ ಹನಿಗಳು ಅರ್ಧದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ, ಆ ಭಾರವಾದ ತಂಪುಗಾಳಿ ನೆಲಕ್ಕಪ್ಪಳಿಸಿ ಸುತ್ತಲೂ ನುಗ್ಗುತ್ತದೆ. ಮಳೆಯ ಮೊದಲ ಹನಿಗಿಂತ ಮುಂಚೆಯೇ ಚಪ್ಪರವನ್ನೂ ನೆರಳುಪರದೆಯನ್ನೂ ಕಿತ್ತೊಗೆಯುವ ಬಿರುಗಾಳಿ ಇದೇ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಮ್ಮವರೆಗೆ ಬರಬಲ್ಲಷ್ಟು ಹತ್ತಿರದಲ್ಲಿದೆ ಎಂದೇ ಅರ್ಥ, ಮತ್ತು ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಬಯಲಿನ ನಡುವೆ ಮರದ ಕೆಳಗಾಗಲಿ ಪರದೆಯ ಕೆಳಗಾಗಲಿ ನಿಲ್ಲುವುದು ರಕ್ಷಣೆಯಲ್ಲ.

ಮಳೆ ನಿಂತ ತಕ್ಷಣ ಕೊಯ್ಯಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿ, ಒಣಗಿದ ಮೇಲೆ ಗಟ್ಟಿಯಾಗುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಒದ್ದೆ ಗಿಡಗಳ ನಡುವೆ ಓಡಾಡಿದರೆ ಒಂದು ಗಿಡದ ರೋಗ ಕೈ ಬಟ್ಟೆಗಳಿಗೆ ಅಂಟಿ ಸಾಲಿನುದ್ದಕ್ಕೂ ಹರಡುತ್ತದೆ. ಒದ್ದೆಯಾಗಿಯೇ ಬುಟ್ಟಿ ಸೇರಿದ ಎಲೆಯಂತೂ ಬೇಗ ಕೊಳೆಯುತ್ತದೆ. ಹಾಗಾಗಿ ಎಲೆ ಆರಿ, ನೆಲ ಕಾಲಿಗೆ ಅಂಟದಷ್ಟು ಬಿಗಿಯಾಗುವವರೆಗೆ ಕಾಯಲೇಬೇಕು.

ನಮ್ಮ ಕಚೇರಿಗೆ ಬರುವ ಇನ್ನೊಂದು ಪ್ರಶ್ನೆ, ಅಷ್ಟು ಜೋರು ಮಳೆ ಬಂದ ಮೇಲೂ ನೀರಿನ ಕೊರತೆ ಏಕೆ ಎಂಬುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 40 ಮಿಲಿಮೀಟರ್ ಮಳೆ ಇಡೀ ದಿನ ಜಿನುಗಿದರೆ ಆ 40 ಲೀಟರಿನ ಬಹುಪಾಲು ಇಂಗುತ್ತದೆ, ಅರ್ಧ ಗಂಟೆಯಲ್ಲಿ ಸುರಿದರೆ ಬಹುಪಾಲು ಹರಿದುಹೋಗುತ್ತದೆ. ವಾರಗಟ್ಟಲೆ ಒಣಗಿದ ಮಣ್ಣು ಮೊದಲ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ದೊಡ್ಡ ಹನಿಗಳ ಹೊಡೆತಕ್ಕೆ ಮೇಲ್ಪದರ ಒಡೆದು ಹೆಪ್ಪುಗಟ್ಟಿ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ಇದಕ್ಕಾಗಿಯೇ ಪಾತಿಗಳ ಮೇಲೆ ಒಣಹುಲ್ಲು, ತರಗೆಲೆಗಳ ಹೊದಿಕೆ ಹಾಕಿದ್ದೇವೆ. ಅದು ಹನಿಯ ಹೊಡೆತವನ್ನು ತಡೆಯುತ್ತದೆ, ಇಂಗಿದ ನೀರು ಆವಿಯಾಗದಂತೆ ಕಾಯುತ್ತದೆ, ಮಣ್ಣಿನ ಬಿಸಿಯನ್ನೂ ಇಳಿಸುತ್ತದೆ. ಕಾಲುವೆಯಲ್ಲಿ ನೀರು ಬಿಡುವುದನ್ನು ಕೈಬಿಟ್ಟು ಹನಿ ನೀರಾವರಿಯನ್ನು ಬೆಳಗಿನ ಜಾವಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಇಷ್ಟಾದರೂ ಎಲ್ಲ ಪಾತಿಗಳಿಗೂ ನೀರು ಸಾಲದು. ಈಗಾಗಲೇ ಕಾಯಿ ಕಚ್ಚಿರುವ ಗಿಡಗಳಿಗೆ ಮೊದಲ ಪಾಲು ಕೊಟ್ಟು, ಹೊಸ ಬಿತ್ತನೆಯನ್ನು ಮುಂದೂಡಿದ್ದೇವೆ, ಕೆಲವು ಸೊಪ್ಪಿನ ಪಾತಿಗಳನ್ನು ಖಾಲಿ ಬಿಟ್ಟಿದ್ದೇವೆ. ಬೆಳೆಗಾರರಿಗೆ ಇದು ನೋವಿನ ತೀರ್ಮಾನ, ಆದರೆ ಎಲ್ಲಕ್ಕೂ ಅರೆಬರೆ ನೀರು ಕೊಟ್ಟು ಎಲ್ಲವನ್ನೂ ಒಣಗಿಸುವುದಕ್ಕಿಂತ ಇದೇ ಸರಿ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಬುಟ್ಟಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದು ಟೊಮೇಟೊದಲ್ಲಿ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಶಕ್ತಿಗುಂದಿ ಹೂವು ಕಾಯಿ ಕಟ್ಟದೆ ಉದುರುತ್ತದೆ. ಹೂವು ಹಣ್ಣಾಗಲು ಆರೇಳು ವಾರ ಬೇಕಾದ್ದರಿಂದ, ಇಂದು ಉದುರಿದ ಹೂವಿನ ಕೊರತೆ ತಮಗೆ ತಿಳಿಯುವುದು ಹವೆ ತಂಪಾದ ಮೇಲೆ. ಆಗ ಬುಟ್ಟಿ ಹಗುರವಾಗಿದ್ದರೆ ಅದು ಈಗಿನ ಬಿಸಿಲಿನ ಫಲವೆಂದು ದಯವಿಟ್ಟು ತಿಳಿಯಬೇಕು. ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ 30 ಡಿಗ್ರಿಗಿಂತ ಮೇಲೆ ಸರಿಯಾಗಿ ಉಂಟಾಗುವುದಿಲ್ಲ, ಆದ್ದರಿಂದ ಮಾಗಿದ ಹಣ್ಣೂ ಕಿತ್ತಳೆ ಬಣ್ಣದಲ್ಲೇ ಉಳಿಯಬಹುದು. ಒಣಗಿದ್ದ ಗಿಡಕ್ಕೆ ಒಮ್ಮೆಲೇ ಮಳೆ ಸಿಕ್ಕರೆ ಹಣ್ಣಿಗೆ ನುಗ್ಗಿದ ನೀರಿನ ಒತ್ತಡಕ್ಕೆ ಸಿಪ್ಪೆ ಸೀಳುತ್ತದೆ. ಸೀಳು ಒಣಗಿ ಮುಚ್ಚಿಕೊಂಡಿರುವ ಹಣ್ಣನ್ನಷ್ಟೇ ಕಳುಹಿಸುತ್ತೇವೆ, ಅದನ್ನು ಅಂದೇ ಬಳಸಬೇಕು. ಕಾಯಿಯ ಕೆಳತುದಿಯಲ್ಲಿ ಕಪ್ಪು ಕಲೆಯಾಗುವುದು ನೀರು ಏರುಪೇರಾಗಿ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪದೆ ಹೋದಾಗ. ಅದು ಅಂಟುವ ರೋಗವಲ್ಲ, ಆದರೂ ಅಂಥವನ್ನು ಆರಿಸಿ ತೆಗೆಯುತ್ತೇವೆ.

ಸೌತೆಕಾಯಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ನೀರು ಸಾಲದೆ ಬೆಳೆದ ಬಳ್ಳಿಯ ಕಾಯಿಯಲ್ಲಿ ಕಹಿ ಅಂಶ ಹೆಚ್ಚಾಗಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ. ತೊಟ್ಟಿನ ಕಡೆಯಿಂದ ಸಣ್ಣ ಹೋಳು ಕತ್ತರಿಸಿ ರುಚಿ ನೋಡಿ, ಕಹಿಯಾಗಿದ್ದರೆ ಆ ಕಾಯಿಯನ್ನು ತಿನ್ನದೆ ಬಿಸಾಡಿ ನಮಗೆ ತಿಳಿಸಿದರೆ ಮುಂದಿನ ಬುಟ್ಟಿಯಲ್ಲಿ ಬದಲಿ ಕೊಡುತ್ತೇವೆ. ಸೋರೆ, ಹೀರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎಳೆಯ ಸೊಪ್ಪುಗಳು ಬಿಸಿಲಿಗೆ ಬೇಗ ಹೂದಂಟು ಬಿಟ್ಟು ಬಲಿಯುತ್ತಿವೆ, ಆದ್ದರಿಂದ ಕೆಲವು ವಾರ ಬಿಸಿಲು ತಾಳುವ ಬೆಂಡೆ, ಅಲಸಂದೆ, ಹರಿವೆಗಳೇ ಹೆಚ್ಚಾಗಿರುತ್ತವೆ.

ಕೊರತೆಯನ್ನು ಹೊರಗಿನಿಂದ ಕೊಂಡು ತುಂಬಿಸಬಹುದೆಂಬ ಸಲಹೆಯೂ ಬಂದಿತ್ತು. ಎಲ್ಲಿ, ಯಾರು, ಹೇಗೆ ಬೆಳೆದರೆಂದು ನಾವೇ ಹೇಳಲಾಗದ ತರಕಾರಿಯನ್ನು ನಮ್ಮ ಹೆಸರಿನ ಬುಟ್ಟಿಯಲ್ಲಿ ಇಡುವುದು ನಮಗೆ ಒಪ್ಪಿಗೆಯಿಲ್ಲ. ತೂಕ ಕಡಿಮೆಯಾದ ವಾರ ಅಷ್ಟರ ಮೊತ್ತವನ್ನು ತಮ್ಮ ಖಾತೆಗೆ ಜಮಾ ಮಾಡುತ್ತೇವೆ. ಅದನ್ನು ಮುಂದಿನ ತಿಂಗಳ ಮುಂಗಡಕ್ಕೆ ಹೊಂದಿಸಿಕೊಳ್ಳಬಹುದು ಅಥವಾ ಹಣವಾಗಿ ಹಿಂಪಡೆಯಬಹುದು.

ಕೊಯ್ಲಿನ ಹಿಂದಿನ ಸಂಜೆ ಆರು ಗಂಟೆಯೊಳಗೆ, ಮರುದಿನ ಬುಟ್ಟಿ ಬರುವುದೋ ಇಲ್ಲವೋ ಎಂಬುದನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುತ್ತೇವೆ. ರಾತ್ರಿ ಹವೆ ಬದಲಾದರೆ ನಸುಕಿನಲ್ಲಿ ಇನ್ನೊಂದು ಸಂದೇಶ ಬರುತ್ತದೆ. ಬೆಳಿಗ್ಗೆ ಮನೆಯಲ್ಲಿ ಯಾರೂ ಇರದಿದ್ದರೆ ಬಿಸಿಲು ಬೀಳದ ಜಾಗದಲ್ಲಿ ಮುಚ್ಚಳವಿರುವ ಪೆಟ್ಟಿಗೆಯನ್ನು ಇಟ್ಟು, ಆ ಜಾಗವನ್ನು ತಲುಪಿಸುವವರಿಗೆ ಮೊದಲೇ ತೋರಿಸಿರಬೇಕೆಂದು ಕೋರುತ್ತೇವೆ. ಈ ವ್ಯವಸ್ಥೆ ಅನುಕೂಲವಾಗದವರು ಬೇಸಿಗೆ ಮುಗಿಯುವವರೆಗೆ ಬುಟ್ಟಿಯನ್ನು ನಿಲ್ಲಿಸಿಕೊಳ್ಳಬಹುದು. ಉಳಿದ ಮುಂಗಡವೂ ಸದಸ್ಯತ್ವವೂ ಹಾಗೆಯೇ ಉಳಿಯುತ್ತವೆ.

ತಮ್ಮ ವಿಶ್ವಾಸಿಗಳು,
ಸಹಕಾರ ಸಂಘದ ಬೆಳೆಗಾರ ಸದಸ್ಯರ ಪರವಾಗಿ
ಕಾರ್ಯದರ್ಶಿ