ಚಿಪ್ಪುಹಂದಿಯ ಮೂರು ಉಗುರು

ಶಿರಸಿ

ಪ್ರೀತಿಯ ತಂಗಿ,

ಕಾರವಾರದಿಂದ ನೀನು ಕಳಿಸಿದ ಹಸ್ತಪ್ರತಿ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಗಟ್ಟಿಯಾಗಿ. ಚುಕ್ಕಿ ಹುಟ್ಟಿದ ಕತೆಗೆ ಚಿಪ್ಪುಹಂದಿಯನ್ನು ನಾಯಕಿ ಮಾಡಿದ್ದೀಯಲ್ಲ, ಅದು ತುಂಬ ಹಿಡಿಸಿತು. ಹುಲಿ, ಆನೆ, ನರಿ ಬಿಟ್ಟು ನಮ್ಮ ಕಾಡಿನ ಈ ನಾಚಿಕೆಯ ಪ್ರಾಣಿಗೂ ಮಕ್ಕಳ ಪುಸ್ತಕದಲ್ಲಿ ಜಾಗ ಸಿಗಬೇಕಿತ್ತು.

ಆದರೆ ಅದು ತನ್ನ ಚಿಪ್ಪುಗಳನ್ನು ಕಿತ್ತು ಮೇಲಕ್ಕೆ ಎಸೆದು ಚುಕ್ಕಿ ಮಾಡಿತು ಎಂಬಲ್ಲಿ ಕತೆ ಸಡಿಲವಾಗಿದೆ. ಚಿಪ್ಪಿನ ಆಸೆಗೇ ಜನ ಅದನ್ನು ಕೊಲ್ಲುತ್ತಾರೆ. ಆ ಚಿಪ್ಪು ಕೀಳುವುದನ್ನು ಮಕ್ಕಳಿಗೆ ಚೆಂದದ ಚಿತ್ರವಾಗಿ ತೋರಿಸುವುದು ಬೇಡ. ಇನ್ನೂ ಮುಖ್ಯವಾದದ್ದು, ಅದು ಆ ಪ್ರಾಣಿ ಮಾಡುವ ಕೆಲಸವೇ ಅಲ್ಲ. ಹುಟ್ಟುಕತೆಯಲ್ಲಿ ಕಾರಣ ಎಷ್ಟು ಬೇಕಾದರೂ ಕಲ್ಪನೆಯದಿರಲಿ. ಪ್ರಾಣಿ ಮಾತ್ರ ನಿಜದ ಪ್ರಾಣಿಯಾಗಿರಬೇಕು, ಕೊನೆಗೆ ಕಾಣುವ ಆಕಾಶವೂ ನಿಜದ್ದಾಗಿರಬೇಕು. ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದ ಮಗು ತಲೆಯೆತ್ತಿ ‘ಹೌದಲ್ಲ!’ ಅನ್ನಬೇಕು.

ಹಾಗಾದರೆ ಚಿಪ್ಪುಹಂದಿ ಮಾಡುವುದೇನು? ರಾತ್ರಿ ಬಿಲದಿಂದ ಹೊರಬಿದ್ದು ಇರುವೆಗೂಡು, ಗೆದ್ದಲಿನ ಹುತ್ತ ಕೆರೆಯುತ್ತದೆ. ಹೆದರಿದರೆ ಉಂಡೆ ಸುತ್ತುತ್ತದೆ. ಮರಿಯನ್ನು ಬಾಲದ ಬುಡದಲ್ಲಿ ಕೂರಿಸಿಕೊಂಡು ಓಡಾಡುತ್ತದೆ. ಮುಂಗಾಲಿನಲ್ಲಿ ಐದು ಉಗುರು, ಅದರಲ್ಲಿ ನಡುವಿನ ಮೂರು ಬಹಳ ಉದ್ದ. ನಿನ್ನ ಕತೆ ಈ ಮೂರು ಉಗುರಿನಲ್ಲೇ ಇದೆ. ಕರ್ರಗಿನ ಆಕಾಶವನ್ನೇ ದೊಡ್ಡದೊಂದು ಹುತ್ತ ಎಂದುಕೊಂಡು ತಾಯಿ ಅದನ್ನು ಕೆರೆಯಲಿ. ಒಂದು ಸಲ ಕೆರೆದರೆ ಸಾಲಾಗಿ ಮೂರು ತೂತು, ಆಚೆಯ ಬೆಳಕು ಈಚೆಗೆ. ಬೇಟೆಗಾರನ ಆಕಾರದ ಚುಕ್ಕಿಗುಂಪು ಮಹಾವ್ಯಾಧನ ನಡುಪಟ್ಟಿಯಲ್ಲಿರುವ ಮೂರು ಚುಕ್ಕಿ ಅದೇ. ಡಿಸೆಂಬರ್ ನಡುವಿನಲ್ಲಿ ರಾತ್ರಿ 8ರ ಹೊತ್ತಿಗೆ ಮೂಡಣದಲ್ಲಿ ಯಾವ ಮಗುವಾದರೂ ಗುರುತಿಸುತ್ತದೆ. ಒಂದು ಮಾತು ಚಿತ್ರಕಾರರಿಗೆ ಹೇಳು: ಮೂಡುವ ಹೊತ್ತಿನಲ್ಲಿ ಆ ಮೂರು ಅಡ್ಡಸಾಲಾಗಿರುವುದಿಲ್ಲ, ಹೆಚ್ಚುಕಡಿಮೆ ಒಂದರ ಮೇಲೊಂದು ನಿಂತಿರುತ್ತವೆ. ಉಗುರು ಮೇಲಿನಿಂದ ಕೆಳಗೆ ಕೆರೆಯುತ್ತದೋ ಅಡ್ಡ ಕೆರೆಯುತ್ತದೋ ಎಂಬುದನ್ನು ಇದನ್ನು ನೋಡಿಕೊಂಡೇ ಬರೆಯಬೇಕು.

ತೂತು ಬಿದ್ದ ಮಾಡು ಸೋರದೆ ಇರುತ್ತದೆಯೇ? ನಿನ್ನ ಹಸ್ತಪ್ರತಿಯಲ್ಲಿ ಮಳೆಗಾಲವೇ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲೂ ಘಟ್ಟದಲ್ಲೂ ಚುಕ್ಕಿ ಕಾಣುವ ರಾತ್ರಿ ಅಪರೂಪ. ‘ಚುಕ್ಕಿ ಎಲ್ಲಿಗೆ ಹೋದವು?’ ಎಂದು ನಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. ತೂತಿನಿಂದ ನೀರು ಸುರಿಯಲಿ. ಕಪ್ಪೆಗಳಿಗೆ ಖುಷಿ, ಉಳಿದವರೆಲ್ಲ ತೊಯ್ದು ತೊಪ್ಪೆ. ಚಿಪ್ಪುಹಂದಿ ಮೋಡದ ಮುದ್ದೆ ತುರುಕಿ ತೂತು ಮುಚ್ಚಲು ನೋಡಲಿ. ಮಳೆಗೆ ಸ್ವಲ್ಪ ಮೊದಲು ಕಾಡಿನಂಚಿನಲ್ಲಿ ಮಿಂಚುಹುಳಗಳು ಏಳುತ್ತವಲ್ಲ, ಅವು ತೂತಿನಿಂದ ಉದುರಿದ ಬೆಳಕಿನ ಪುಡಿ. ಇಷ್ಟಾದರೆ ಒಂದೇ ಕೆರೆತದಿಂದ ಮೂರು ಸಂಗತಿ ಹುಟ್ಟಿದವು, ಹೊಸ ಮಾಯಾಮಂತ್ರ ಏನೂ ಬೇಕಾಗಲಿಲ್ಲ.

ಈಗಿನ ಪ್ರತಿಯಲ್ಲಿ ಒಂಬತ್ತು ಪ್ರಾಣಿಗಳಿವೆ. ನಾಲ್ಕು ಸಾಕು: ತಾಯಿ, ಮರಿ, ಕಪ್ಪೆ, ಕಾಡುಪಾಪ. ಕೆಂಜಳಿಲನ್ನೂ ಮಂಗಟ್ಟೆಯನ್ನೂ ಬಿಡಲು ನಿನಗೆ ಸಂಕಟವಾದೀತು. ಆದರೆ ಅವೆರಡೂ ಹಗಲಿನವು, ನಡುರಾತ್ರಿ ಕೊಂಬೆಯ ಮೇಲೆ ಕೂತು ಮಾತಾಡುವುದಿಲ್ಲ.

ಚಂದ್ರನ ಪುಟ ಪೂರ್ತಿ ಬದಲಾಗಬೇಕು. ಸಂಜೆ ಕಡಲಿನಿಂದ ಹುಣ್ಣಿಮೆ ಚಂದ್ರ ಮೇಲೇಳುತ್ತಾನೆ ಎಂದು ಬರೆದಿದ್ದೀ. ಕಾರವಾರದ ಕಡಲಿರುವುದು ಪಡುವಣಕ್ಕೆ. ಅಲ್ಲಿ ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಬೆನ್ನ ಹಿಂದೆ, ಸಹ್ಯಾದ್ರಿಯ ಕಡೆಯಿಂದ ಏಳುತ್ತಾನೆ. ಕಡಲಿಗೆ ಇಳಿಯುವುದು ಬೆಳಗಿನ ಜಾವ. ಬಿದಿಗೆಯ ಚಂದ್ರ ಸಂಜೆ ಕಡಲ ಮೇಲೆ ಕಂಡು ಬೇಗ ಮುಳುಗುತ್ತಾನೆ, ನಡುರಾತ್ರಿಯ ಪುಟಕ್ಕೆ ಅವನನ್ನು ತರಬೇಡ. ಅವನ ಎರಡು ಕೋಡಿನ ನಡುವೆ ಚುಕ್ಕಿ ಇಡಲೂಬೇಡ, ಅಲ್ಲಿರುವುದು ಚಂದ್ರನದೇ ಕತ್ತಲ ಮೈ. ಧ್ರುವನನ್ನು ನೆತ್ತಿಯ ಮೇಲೆ ಕೂರಿಸಿದ್ದೀ. ನಮ್ಮಲ್ಲಿ ಅವನು ಬಡಗಣ ದಿಗಂತದಿಂದ ಸುಮಾರು 15 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಶಿರಸಿಯ ಅಡಕೆ ತೋಟದಲ್ಲಿ ನಿಂತರೆ ಮರಗಳೇ ಅವನನ್ನು ಮುಚ್ಚಿಬಿಡುತ್ತವೆ.

ಇನ್ನು ಪುಟಗಳ ಲೆಕ್ಕ. 24 ಪುಟ ಇಟ್ಟುಕೋ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆ ಮಡಚಿ ಪುಟ ಮಾಡುವುದರಿಂದ 8ರ ಗುಣಕದಲ್ಲಿದ್ದರೆ ಹಾಳೆ ದಂಡವಾಗುವುದಿಲ್ಲ. ಮೊದಲ ಪುಟ ಶೀರ್ಷಿಕೆಗೆ, ಎರಡನೆಯದು ಪ್ರಕಾಶಕರ ವಿವರಕ್ಕೆ ಹೋದರೆ ಎದುರುಬದುರಾದ ಹತ್ತು ಜೋಡಿಪುಟ, ಮೊದಲಿಗೊಂದು ಕೊನೆಗೊಂದು ಒಂಟಿಪುಟ ಉಳಿಯುತ್ತವೆ. ಹನ್ನೆರಡು ಚಿತ್ರ. ಜೋಡಿಗೆ 30 ಪದ ಸಾಕು, ಒಟ್ಟು 350 ಮೀರಬೇಡ. ಈಗ ನಿನ್ನದು 1100 ಇದೆ. ‘ಕಪ್ಪೆ ಹಸಿರಾಗಿತ್ತು, ಕಲ್ಲಿನ ಮೇಲೆ ಕೂತಿತ್ತು’ ಎಂಬಂಥದನ್ನೆಲ್ಲ ಚಿತ್ರಕ್ಕೆ ಬಿಡು. ತಾಯಿ ಉಗುರೆತ್ತುವುದು ಬಲಪುಟದ ಕೊನೆಗೆ ಬರಲಿ, ಬೆಳಕು ಬೀಳುವುದು ಪುಟ ತಿರುವಿದ ಮೇಲೆ. ಮೂರು ಚುಕ್ಕಿ ಮಡಿಕೆಯ ಹತ್ತಿರ ಬೀಳದ ಹಾಗೆ ನೋಡಿಕೋ. ಹೊಲಿಗೆಯೊಳಗೆ ಒಂದು ಚುಕ್ಕಿ ಹೋದರೂ ಕತೆಯೇ ಹೋಯಿತು. ಬಣ್ಣವನ್ನು ಪುಟದ ಅಂಚಿನಾಚೆ 3 ಮಿಲಿಮೀಟರ್ ಹೆಚ್ಚು ಬಿಡಲು ಹೇಳು, ಇಲ್ಲದಿದ್ದರೆ ಕತ್ತರಿಸುವಾಗ ರಾತ್ರಿಯ ಅಂಚಿಗೆ ಬಿಳಿ ಗೆರೆ ಉಳಿಯುತ್ತದೆ.

ಅಕ್ಷರದ ವಿಷಯದಲ್ಲಿ ತುಂಬ ಹುಷಾರಾಗಿರು. ಕತ್ತಲ ಪುಟದ ಮೇಲೆ ಬಿಳಿ ಅಕ್ಷರ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಚ್ಚಿನಲ್ಲಿ ಒಂದರ ಮೇಲೊಂದು ಬೀಳುವ ನಾಲ್ಕು ಬಣ್ಣ ಕೂದಲೆಳೆಯಷ್ಟು ಆಚೀಚೆಯಾದರೂ ಸಣ್ಣ ಎಳೆಗಳು ತುಂಬಿಹೋಗುತ್ತವೆ. ‘ನಕ್ಷತ್ರ’ದ ಎರಡು ಒತ್ತಕ್ಷರಗಳನ್ನು ನೋಡು, ಮೊದಲು ಮಸಿಯಾಗುವುದು ಅವೇ. ಐದಾರು ವರ್ಷದ ಮಗು ಓದುವಾಗ ತಡವರಿಸುವುದೂ ಅಲ್ಲೇ. ಎಲ್ಲ ಕಡೆ ‘ಚುಕ್ಕಿ’ ಎಂದೇ ಬರೆ. ಅಕ್ಷರ 20 ಪಾಯಿಂಟ್, ದಪ್ಪ ಮೈ, ಸಾಲಿನಿಂದ ಸಾಲಿಗೆ 32 ಪಾಯಿಂಟ್ ಇರಲಿ. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ.

ರಾತ್ರಿ ನೀಲಿಯೇ ಆಗಬೇಕೆಂದಿಲ್ಲ. ಇಲ್ಲಿನ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನಿನ್ನ ಚಿತ್ರಕಾರರು ಹತ್ತಿರ ನಿಂತು ನೋಡಲಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುವ ಕಲೆ ಅದು. ಚಿಪ್ಪುಹಂದಿ ಆಕಾಶಕ್ಕೆ ಮಾಡಿದ್ದೂ ಇದನ್ನೇ ತಾನೆ! ಕಾವಿಯ ಒಂದೇ ಬಣ್ಣದಲ್ಲಿ ಅಚ್ಚು ಹಾಕಿ ಚುಕ್ಕಿಗೂ ಅಕ್ಷರಕ್ಕೂ ಕಾಗದದ ಬಿಳಿಯನ್ನೇ ಬಿಟ್ಟರೆ ಬಣ್ಣ ಜರುಗುವ ಭಯವಿಲ್ಲ, ಖರ್ಚೂ ಕಡಿಮೆ.

ಶೀರ್ಷಿಕೆಯ ಕೆಳಗೆ ‘ಹಾಲಕ್ಕಿ ಒಕ್ಕಲಿಗರ ಜನಪದ ಕತೆ’ ಎಂದು ಹಾಕಿದ್ದೀ. ಕತೆ ನೀನು ಕಟ್ಟಿದ್ದು ಎಂದು ಪತ್ರದಲ್ಲಿ ನೀನೇ ಬರೆದಿರುವಾಗ ಆ ಸಾಲು ತೆಗೆದುಬಿಡು. ಮುಂದೆ ಯಾರ ಬಾಯಿಂದಲಾದರೂ ಕೇಳಿದ ಕತೆ ಬರೆದರೆ ಅವರನ್ನು ಕೇಳಿ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಊರನ್ನೂ ಒಳಪುಟದಲ್ಲಿ ಅಚ್ಚು ಹಾಕಿಸು.

ಈಗ ಆರು ಎ4 ಹಾಳೆ ತೆಗೆದುಕೊಂಡು ನಡುವೆ ಮಡಚಿ ಎರಡು ಪಿನ್ ಹೊಡೆ, 24 ಪುಟದ ಡಮ್ಮಿ, ಅಂದರೆ ಮಾದರಿ ಪುಸ್ತಕ ಆಗುತ್ತದೆ. ಮಾತನ್ನು ಅದರಲ್ಲಿ ಹಂಚಿ ಬರೆ. ಚಿತ್ರದ ಜಾಗದಲ್ಲಿ ಪೆನ್ಸಿಲ್ ಗೀರು ಸಾಕು, ಮೂರು ಚುಕ್ಕಿ ಮಾತ್ರ ಸರಿಯಾದ ಕಡೆ ಇಡು. ಅದನ್ನು ಕಳಿಸಿಕೊಡು, ಕಾಯುತ್ತಿರುತ್ತೇನೆ.

ನಿನ್ನ,
ಅಕ್ಕ