ಲಾಕರಿನಲ್ಲಿದ್ದ ಫೋನು, ಎತ್ತಿದ ಕೈಗಳು

ಕಳೆದ ಭಾನುವಾರ ನಮ್ಮ ರಕ್ತದಾನಿಗಳ ಬಳಗದ ಡೈರಿಯನ್ನು ಹೊಸ ಸಂಚಾಲಕರ ಕೈಗೆ ಕೊಟ್ಟೆ. ಮೂರು ವರ್ಷ ನನ್ನ ಬ್ಯಾಗಿನಲ್ಲಿದ್ದ ಡೈರಿ. ರಟ್ಟು ಕಿತ್ತುಹೋಗಿ ಎರಡು ಸಲ ಟೇಪ್ ಹಾಕಿದ್ದೇನೆ. ಅವತ್ತು ಶಾಲು ಹೊದಿಸಿ ಏನೇನೋ ಹೊಗಳಿದರು. ಅದರಲ್ಲಿ ಅರ್ಧ ನನ್ನದಲ್ಲ. ಅದಕ್ಕೇ ಈ ಬರಹ.

ನಾನು ತುಮಕೂರು ಹತ್ತಿರದ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಒಳಗೆ ಹೋಗುವಾಗ ಫೋನ್ ಲಾಕರಿಗೆ. ಎಂಟು ಗಂಟೆ ಯಾರಿಗೂ ಸಿಗುವುದಿಲ್ಲ. ರಕ್ತ ಬೇಕಾದವರು ನನ್ನ ಶಿಫ್ಟ್ ನೋಡಿ ಫೋನ್ ಮಾಡ್ತಾರಾ? ಶುರುವಿನಲ್ಲಿ ಒಂದು ದಿನ ಮಧ್ಯಾಹ್ನ ಎರಡಕ್ಕೆ ಲಾಕರ್ ತೆಗೆದರೆ ಒಂದೇ ನಂಬರಿನಿಂದ ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡಿದರೆ, "ಆಗ್ಲೇ ಸಿಕ್ತು ಬಿಡಿ" ಎಂದರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಸಂಚಾಲಕತನ ನನ್ನ ಕೈಲಾಗಲ್ಲ ಅಂತ ಹೇಳೋಕೆ ಹೋದಾಗ, ಟೌನ್‌ಹಾಲ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಅಕ್ಕ ಕೈ ಚಾಚಿದರು. "ಬಳಗದ ಫೋನ್ ಇಲ್ಲಿ ಕೊಡಪ್ಪ. ನಾನು ಹೇಗೂ ಬೆಳಗಿಂದ ಕೂತೇ ಇರ್ತೀನಿ." ಅವತ್ತಿನಿಂದ ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಆಸ್ಪತ್ರೆ, ಗ್ರೂಪು, ಎಷ್ಟು ಯೂನಿಟ್, ರೋಗಿಯ ಕಡೆಯವರ ನಂಬರ್, ಎಲ್ಲ ಬರೆದು ಸ್ಟೇಪ್ಲರಿನ ಕೆಳಗೆ ಇಡುತ್ತಿದ್ದರು. ಡೆಂಗಿ ಕಾಲದಲ್ಲಿ ಆ ಕಟ್ಟು ದಪ್ಪ. ಎಷ್ಟೋ ದಿನ ನಾನು ಹೋಗುವಷ್ಟರಲ್ಲಿ ಅವರೇ ದಾನಿಯನ್ನೂ ಹುಡುಕಿ ಕಳಿಸಿರುತ್ತಿದ್ದರು. ಹೆಸರು ಮಾತ್ರ ನನಗೆ!

ಇನ್ನು ಗುಬ್ಬಿಯ ಹುಡುಗನ ವಿಷಯ. ಇದನ್ನು ಹೇಳಲೇಬೇಕು. ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು 90 ದಿನ ಆಗಬೇಕು, ಹೆಂಗಸರಿಗೆ 120 ದಿನ. ಅವನು ಹಿಂದಿನ ಸಲ ಕೊಟ್ಟ ತಾರೀಖನ್ನು ನೈಟ್ ಶಿಫ್ಟ್ ಮುಗಿಸಿ ಬಂದು ತೂಕಡಿಸುತ್ತಾ ಡೈರಿಯಲ್ಲಿ ಬರೆದಿದ್ದೆ, ಒಂದು ತಿಂಗಳು ತಪ್ಪಿತ್ತು. ಓ ನೆಗೆಟಿವ್ ಬೇಕು ಅಂದೆ, ಮಳೆಯಲ್ಲಿ ಬೈಕ್ ಹತ್ತಿ ಬಂದ. ರಕ್ತನಿಧಿಯಲ್ಲಿ ದಿನ ಲೆಕ್ಕ ಹಾಕಿ, ಆಗಲ್ಲ ಎಂದರು. ಅವರು ಹೇಳಿದ್ದು ಸರಿಯೇ. ನಮ್ಮಲ್ಲಿ ನೂರಕ್ಕೆ ಐದಾರು ಜನಕ್ಕಷ್ಟೇ ನೆಗೆಟಿವ್ ಗ್ರೂಪು, ಇನ್ನೊಬ್ಬರನ್ನು ಎಲ್ಲಿಂದ ತರೋದು? ಆತ ಬೆಂಚಿನ ಮೇಲೆ ಕೂತು ಷರ್ಟ್ ಹಿಂಡಿಕೊಂಡ. ಆಮೇಲೆ ಊರಲ್ಲಿದ್ದ ತಮ್ಮನಿಗೆ ಫೋನ್ ಮಾಡಿದ. ಅವನದ್ದೂ ಓ ನೆಗೆಟಿವ್, ನಮ್ಮ ಡೈರಿಯಲ್ಲಿ ಇರಲೇ ಇಲ್ಲ. ಬಸ್ಸಿಳಿದು ಬಂದು ಕೊಟ್ಟು ಹೋದ. ನಾನು ಕ್ಷಮೆ ಕೇಳಿದರೆ ಅಣ್ಣನೇ, "ಡೈರಿಗೆ ಒಂದು ಹೆಸರು ಜಾಸ್ತಿ ಆಯ್ತು ಬಿಡಣ್ಣ" ಎಂದು ನಕ್ಕ. ಅವರಿಬ್ಬರಿಗೂ ಕೈ ಮುಗಿಯುತ್ತೇನೆ. ಅಲ್ಲಿಂದ ಮುಂದೆ ತಾರೀಖು ಬರೆಯುವ ಕೆಲಸ ನನ್ನ ತಂಗಿಯದಾಯಿತು. ಡೈರಿಯ ಕೆಂಪು ಅಕ್ಷರಗಳೆಲ್ಲ ಅವಳವು.

ಶಿಫ್ಟ್ ಬದಲಾಯಿಸಿಕೊಂಡ ಲೈನಿನ ಗೆಳೆಯರು, ಶಿಬಿರದ ಹಿಂದಿನ ದಿನ ಸುಮ್ನೆ ರಜೆ ಬರೆದುಕೊಟ್ಟ ಸೂಪರ್‌ವೈಸರ್, ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಲೆಕ್ಕ ಬೇರೆ. ರಾತ್ರಿ ಹತ್ತಕ್ಕೆ ಬಂದರೆ ಊಟ ಆಯ್ತಾ ಅಂತ ಕೇಳುವ ಮೊದಲು, "ಸಿಕ್ತಾ?" ಅಂತ ಕೇಳುತ್ತಿದ್ದರು. ಮುದ್ದೆ ಆರಿ ಗಟ್ಟಿಯಾಗಿದ್ದರೆ ಮತ್ತೆ ಬಿಸಿನೀರಿಟ್ಟು ಹೊಸದಾಗಿ ತೊಳಸುತ್ತಿದ್ದರು.

ಡೈರಿ ಕೊಡುವ ಮುಂಚೆ ನನ್ನ ಹೆಸರಿನ ಮುಂದೆಯೂ ತಂಗಿ ಕೈಲಿ ತಾರೀಖು ಬರೆಸಿದ್ದೇನೆ. ಹೊಸ ಸಂಚಾಲಕರೇ, ಬೇಕಾದಾಗ ಕರೆಯಿರಿ. ಫಸ್ಟ್ ಶಿಫ್ಟ್ ಇದ್ದರೆ ಮಾತ್ರ ಎರಡು ಗಂಟೆ ಆದಮೇಲೆ ಮಾಡಿ.